ಕುದುರೆ, ಕಾರು ಮತ್ತು ಮೌನ

ಭಾರತೀಯ ಕರಾರು ಕಾಯ್ದೆಯ 17ನೇ ಕಲಮಿನಲ್ಲಿ ಒಂದು ಕುದುರೆಯಿದೆ. 1872ರಿಂದ ಅದು ಅಲ್ಲೇ ನಿಂತಿದೆ. ಆ ಕುದುರೆಗೆ ಏನೋ ದೋಷ. ಮಾಲೀಕನಿಗೆ ಅದು ಗೊತ್ತು. ಆದರೂ ತುಟಿ ಬಿಚ್ಚದೆ ಹರಾಜಿನಲ್ಲಿ ಮಾರಿಬಿಡುತ್ತಾನೆ. ಇದು ವಂಚನೆಯಲ್ಲ ಎನ್ನುತ್ತದೆ ಕಾಯ್ದೆ. ಮುಂದಿನ ಉದಾಹರಣೆಯಲ್ಲಿ ಕೊಳ್ಳುವವಳು ಅವನ ಮಗಳು, ಆಗಷ್ಟೇ ವಯಸ್ಸಿಗೆ ಬಂದವಳು. ಈಗ ಹೇಳಲೇಬೇಕು, ಸಂಬಂಧವೇ ಅವನ ಮೇಲೆ ಆ ಹೊಣೆ ಹೊರಿಸುತ್ತದೆ. ಮೂರನೆಯದರಲ್ಲಿ ಕೊಳ್ಳುವವನು ಒಂದು ಮಾತು ಆಡುತ್ತಾನೆ: ನೀವು ಇಲ್ಲವೆನ್ನದಿದ್ದರೆ ಕುದುರೆ ಚೆನ್ನಾಗಿದೆಯೆಂದೇ ನಂಬುತ್ತೇನೆ ಎಂದು. ಆಗಲೂ ಮಾಲೀಕ ಸುಮ್ಮನಿದ್ದರೆ ಆ ಮೌನವೇ ಮಾತಿಗೆ ಸಮ. ಅಂದರೆ ಮೊದಲ ಮನುಷ್ಯನ ಮೌನ ವ್ಯಾಪಾರ, ಮೂರನೆಯವನ ಮೌನ ಸುಳ್ಳು. ಕುದುರೆ ಅದೇ, ದೋಷವೂ ಅದೇ.

ನಮ್ಮ ಕಡೆ ಈಗ ಕುದುರೆಯ ಜಾಗದಲ್ಲಿ ಕಾರು ಇದೆ. ಮಣಿಪಾಲದಲ್ಲಿ ಕೋರ್ಸು ಮುಗಿಸಿ ಹೊರಡುವ ಹುಡುಗರು ತಮ್ಮ ಬೈಕು, ಕಾರುಗಳನ್ನು ಮುಂದಿನ ಬ್ಯಾಚಿನವರಿಗೆ ಮಾರಿ ಹೋಗುತ್ತಾರೆ. ಅವುಗಳಲ್ಲಿ ಆಸೆ ಹುಟ್ಟಿಸುವಂಥವು ವೇಗದ ಕಾರುಗಳು. ಹೆಸರಿಗೆ ಸ್ಪೋರ್ಟ್ಸ್ ಕಾರು ಎಂದರೂ ಹೆಚ್ಚಿನವು ಟರ್ಬೊ ಎಂಜಿನ್ನಿನ ಸಣ್ಣ ಹ್ಯಾಚ್‌ಬ್ಯಾಕುಗಳು. ನಿಜವಾದ ಎರಡು ಸೀಟಿನ ಸ್ಪೋರ್ಟ್ಸ್ ಕಾರು ನಮ್ಮ ದೇಶದಲ್ಲಿ ತಯಾರಾದದ್ದೇ ಕಡಿಮೆ. ಗೋವಾದಲ್ಲಿ ಸ್ಯಾನ್ ಸ್ಟಾರ್ಮ್ ಎಂಬುದೊಂದು ತಯಾರಾಗುತ್ತಿತ್ತು; ಮೈ ಫೈಬರ್ ಗ್ಲಾಸ್, ಒಳಗಿನ ಚೌಕಟ್ಟು ಉಕ್ಕು. ಹಳೆಯ ಕಾರು ಪರೀಕ್ಷಿಸುವವರಿಗೆ ಅದು ಒಳ್ಳೆಯ ಪಾಠ. ಮೈಗೆ ತುಕ್ಕೇ ಹಿಡಿಯುವುದಿಲ್ಲ, ಆದ್ದರಿಂದ ಮೈ ನೋಡಿ ಏನೂ ತಿಳಿಯುವುದಿಲ್ಲ.

ಪರೀಕ್ಷೆ ಹೇಗೆ ಎಂಬುದನ್ನು ನಾನು ಕಲಿತದ್ದು ಕಾರ್ಕಳದಲ್ಲಿ ಗ್ಯಾರೇಜ್ ಇಟ್ಟಿರುವ ಗೆಳೆಯನಿಂದ. ನಾನು ಮೆಕ್ಯಾನಿಕ್ ಅಲ್ಲ, ಅವನ ಜೊತೆ ಹೋಗಿ ನೋಡುವವ ಅಷ್ಟೆ. ಅವನ ಕಿಸೆಯಲ್ಲಿ ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತ ಇರುತ್ತದೆ. ಬಾಗಿಲು, ಫೆಂಡರುಗಳ ಮೇಲೆ ಅದನ್ನು ಓಡಿಸುತ್ತಾನೆ. ಹಿಡಿತ ಸಡಿಲವಾದರೆ ಬಣ್ಣದ ಕೆಳಗೆ ಪುಟ್ಟಿ ಇದೆ, ಯಾವಾಗಲೋ ಬಡಿದಿದೆ ಎಂದರ್ಥ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ಕೆಸರಿನ ಗೆರೆ ಹುಡುಕುತ್ತಾನೆ. 2020ರ ಸೆಪ್ಟೆಂಬರಿನ ನೆರೆಯಲ್ಲಿ ಉಡುಪಿಯ ಸುತ್ತಮುತ್ತ ನೀರು ನುಗ್ಗಿದ ಮೇಲೆ ಇದು ಅವನಿಗೆ ಕಡ್ಡಾಯ. ಕಾರ್ಪೆಟ್ ಎಷ್ಟು ತೊಳೆದರೂ ಬೆಲ್ಟಿನ ಒಳಸುತ್ತನ್ನು ಯಾರೂ ತೊಳೆಯುವುದಿಲ್ಲ. ಕಾಪು, ಮಲ್ಪೆ ಕಡೆಯ ಗಾಡಿಯಾದರೆ ನೆಲಕ್ಕೆ ಮಲಗಿ ಅಡಿಭಾಗ ನೋಡುತ್ತಾನೆ, ಉಪ್ಪುಗಾಳಿ ತಿನ್ನುವುದು ಅಲ್ಲಿಂದ. ಟೈರಿನ ಮೇಲಿನ ನಾಲ್ಕು ಅಂಕಿ ಓದುತ್ತಾನೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಎಲ್ಲಕ್ಕಿಂತ ಮೊದಲು ಬಾನೆಟ್ ಮೇಲೆ ಅಂಗೈ ಇಡುತ್ತಾನೆ. ಬೆಚ್ಚಗಿದ್ದರೆ ಅವನಿಗೆ ಅನುಮಾನ. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದಾಗ ಬರುವ ಸದ್ದು, ಸೈಲೆನ್ಸರಿನ ನೀಲಿ ಹೊಗೆ ಇವೆಲ್ಲ ಮೊದಲೇ ಬಿಸಿ ಮಾಡಿಟ್ಟ ಗಾಡಿಯಲ್ಲಿ ಅಡಗಿಕೊಳ್ಳುತ್ತವೆ. ಕೊನೆಗೆ ಸಾಧ್ಯವಾದರೆ ಹೆಬ್ರಿ ಮೇಲಿಂದ ಆಗುಂಬೆ ಘಾಟಿ. ಹದಿನಾಲ್ಕು ತಿರುವು ಹತ್ತಿಳಿದ ಗಾಡಿಯ ಕ್ಲಚ್ಚು, ಬ್ರೇಕು ಏನನ್ನೂ ಮುಚ್ಚಿಡಲಾರವು ಎನ್ನುತ್ತಾನೆ.

ಇದನ್ನೆಲ್ಲ ಜಾಣತನ ಎಂದು ಬಿಟ್ಟುಬಿಡಬಹುದು. ಕಾಯ್ದೆ ಹಾಗೆ ಬಿಟ್ಟಿಲ್ಲ. 19ನೇ ಕಲಮಿನ ಒಂದು ವಿನಾಯಿತಿಯ ಪ್ರಕಾರ, ಮಾರುವವನ ಮೌನ ವಂಚನೆಗೆ ಸಮವಾಗಿದ್ದರೂ, ಸಾಮಾನ್ಯ ಎಚ್ಚರದಿಂದ ಕೊಳ್ಳುವವನು ನಿಜವನ್ನು ಕಂಡುಕೊಳ್ಳಬಹುದಾಗಿತ್ತು ಎಂದಾದರೆ ಆತ ಕರಾರು ಮುರಿಯುವಂತಿಲ್ಲ. ಅಯಸ್ಕಾಂತ ತರದೆ ಹೋದದ್ದು ನಿಮ್ಮದೇ ತಪ್ಪು. ಇದರಲ್ಲಿ ನ್ಯಾಯವಿಲ್ಲವೆನ್ನಲಾರೆ. ಕಣ್ಣಿಗೆ ಕಾಣುವುದನ್ನೂ ನೋಡದವನ ನಷ್ಟಕ್ಕೆ ಇನ್ನೊಬ್ಬ ಏಕೆ ಹೊಣೆಯಾಗಬೇಕು? ನನ್ನ ತಕರಾರು ಕಣ್ಣಿಗೆ ಕಾಣದ್ದರ ಬಗ್ಗೆ.

ತಂಗಿಯ ಮಗ ಮಣಿಪಾಲದಲ್ಲಿ ಓದುತ್ತಾನೆ. ಅವನಿಗಾಗಿ ನಾವು ಮೂವರೂ ಕಾಪುವಿಗೆ ಒಂದು ಟರ್ಬೊ ಕಾರು ನೋಡಲು ಹೋದೆವು. ಮಾರುವ ಹುಡುಗನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತ್ತು. ಅವನ ತಾಯಿ ಬೆಲ್ಲ, ನೀರು ತಂದಿಟ್ಟರು. ಐದು ನಿಮಿಷದಲ್ಲಿ ನಮಗೂ ಅವರಿಗೂ ಪರಿಚಯದ ಎರಡು ಮನೆ ಸಿಕ್ಕಿದವು. ಗೆಳೆಯ ಮುಕ್ಕಾಲು ಗಂಟೆ ಗಾಡಿಯ ಸುತ್ತ, ಕೆಳಗೆ, ಒಳಗೆ ಎಲ್ಲ ನೋಡಿದ. ಎಲ್ಲವೂ ಸರಿಯಿತ್ತು. ಸ್ಕ್ಯಾನರ್ ಹಾಕಿದರೂ ಏನೂ ಬರಲಿಲ್ಲ. ಕೈ ತೊಳೆಯುತ್ತ ಅವನು ತುಳುವಿನಲ್ಲಿ ಸಲೀಸಾಗಿ ಕೇಳಿದ, “ಇದಕ್ಕೆ ಟ್ಯೂನಿಂಗ್ ಎಂತಾದ್ರೂ ಮಾಡ್ಸಿದ್ದುಂಟಾ ಮಾರಾಯ?”

ಹುಡುಗ ಒಮ್ಮೆ ತಾಯಿಯ ಕಡೆ ನೋಡಿದ. ಆಮೇಲೆ ಹೇಳಿದ. ಒಂದೂವರೆ ವರ್ಷ ರೀಮ್ಯಾಪ್‌ನಲ್ಲೇ ಓಡಿಸಿದ್ದ. ಅಂದರೆ ಎಂಜಿನ್ನಿನ ಕಂಪ್ಯೂಟರಿಗೆ ಬೇರೆ ಪ್ರೋಗ್ರಾಮ್ ತುಂಬಿಸಿ, ಕಂಪೆನಿ ಕೊಟ್ಟದ್ದಕ್ಕಿಂತ ಹೆಚ್ಚು ಶಕ್ತಿ ಎಳೆಯುವುದು. ಮಾರುವ ಮೊದಲು ಹಳೆಯ ಪ್ರೋಗ್ರಾಮನ್ನೇ ವಾಪಸ್ ಹಾಕಿಸಿದ್ದ. ಅಷ್ಟು ಕಾಲ ಟರ್ಬೊ, ಕ್ಲಚ್ಚು, ಗೇರ್‌ಬಾಕ್ಸು ಹೊತ್ತ ಹೆಚ್ಚುವರಿ ಭಾರ ಮಾತ್ರ ವಾಪಸ್ ಹೋಗುವುದಿಲ್ಲ. ಗೆಳೆಯನ ಅಯಸ್ಕಾಂತಕ್ಕೆ ಅದು ಸಿಗುವ ಸಂಗತಿಯೇ ಅಲ್ಲ. “ಕೇಳಿದ್ರೆ ಹೇಳ್ತೇನೆ ಅಣ್ಣ, ನಾನು ಸುಳ್ಳು ಹೇಳುವವ ಅಲ್ಲ,” ಎಂದ ಹುಡುಗ. ಅದು ನಿಜವೇ ಆಗಿತ್ತು. ಬೆಲೆಯಲ್ಲಿ ಹೊಸ ಕ್ಲಚ್ಚಿನಷ್ಟು ಹಣ ಇಳಿಯಿತು, ಸೋದರಳಿಯ ಕೊಂಡ.

ಆ ಹುಡುಗನ ಮಾತು ನನ್ನನ್ನು ಬಿಡಲಿಲ್ಲ. ಕೇಳಿದರೆ ಹೇಳುತ್ತೇನೆ. ಹೆಚ್ಚಿನ ಸಂಭಾವಿತರ ವ್ಯಾಪಾರ ನೀತಿ ಇಷ್ಟೇ ಅಲ್ಲವೇ? ಎರಡು ಸಾವಿರ ವರ್ಷಗಳಿಂದಲೂ ಇದಕ್ಕೆ ವಕೀಲರಿದ್ದಾರೆ. ಕ್ರಿಸ್ತಪೂರ್ವ 44ರಲ್ಲಿ ರೋಮಿನ ಸಿಸೆರೊ ಕರ್ತವ್ಯಗಳ ಬಗ್ಗೆ ಬರೆದ ಗ್ರಂಥದಲ್ಲಿ, ದೋಷವಿರುವ ಮನೆಯೊಂದನ್ನು ಮಾರುವ ಮನುಷ್ಯನ ಬಗ್ಗೆ ಇಬ್ಬರು ಸ್ಟೋಯಿಕರು ವಾದ ಮಾಡುತ್ತಾರೆ. ಡಯೋಜಿನೀಸನ ಪ್ರಕಾರ ಹೇಳದಿರುವುದು ಬೇರೆ, ಮುಚ್ಚಿಡುವುದು ಬೇರೆ. ನಿನ್ನನ್ನು ಯಾರೂ ಬಲವಂತ ಮಾಡಲಿಲ್ಲ, ಇಷ್ಟವಾಯಿತು, ಕೊಂಡೆ. ಆಂಟಿಪೇಟರ್ ಒಪ್ಪುವುದಿಲ್ಲ. ಅವನಿಗೆ ಇದು ದಾರಿ ತಪ್ಪಿದವನಿಗೆ ದಾರಿ ತೋರಿಸದೆ ಇರುವುದಕ್ಕಿಂತಲೂ ಕೀಳು. ಸಿಸೆರೊ ಸ್ವತಃ ಆಂಟಿಪೇಟರನ ಕಡೆ ನಿಲ್ಲುತ್ತಾನೆ: ನಿನಗೆ ತಿಳಿದದ್ದು, ಇನ್ನೊಬ್ಬನಿಗೆ ತಿಳಿದರೆ ಅವನಿಗೆ ಒಳ್ಳೆಯದಾಗುವಂಥದ್ದು, ನಿನ್ನ ಲಾಭಕ್ಕಾಗಿ ಅವನಿಗೆ ತಿಳಿಯಬಾರದು ಎಂದು ನೀನು ಬಯಸಿದರೆ, ಅದೇ ಮುಚ್ಚಿಡುವುದು.

ನಾನೂ ಆ ಕಡೆಯವನೇ, ಆದರೆ ನನ್ನ ಕಾರಣ ಬೇರೆ. ಗೆಳೆಯ ಕೇಳಬಲ್ಲವನಾದದ್ದು ಅವನಿಗೆ ಆ ಪದ ಗೊತ್ತಿದ್ದರಿಂದ. ಸೋದರಳಿಯ ಒಬ್ಬನೇ ಹೋಗಿದ್ದರೆ? ಪಿಯುಸಿ ಮುಗಿಸಿ ಊರಿಂದ ಬಂದ, ತಂದೆ ಸಾಲ ಮಾಡಿ ಕೊಟ್ಟ ಹಣ ಹಿಡಿದುಕೊಂಡ ಇನ್ಯಾವುದೋ ಹುಡುಗಿ ಹೋಗಿದ್ದರೆ? ಕೇಳಿದರೆ ಹೇಳುತ್ತೇನೆ ಎಂಬುದು ಬಲ್ಲವರೊಂದಿಗೆ ಮಾತ್ರ ಪ್ರಾಮಾಣಿಕವಾಗಿರುವ ಒಪ್ಪಂದ. ಯಾರಿಗೆ ಸತ್ಯದ ಅಗತ್ಯ ಅತಿ ಹೆಚ್ಚೋ ಅವರಿಗೇ ಅದು ಸಿಗುವುದಿಲ್ಲ. ಕಾಣುವ ದೋಷದ ವಿಷಯದಲ್ಲಿ ಮಾರುವವನು ಸುಮ್ಮನಿರಬಹುದು. ನೋಡಿದರೂ ಕಾಣದ್ದನ್ನು, ತನಗೆ ಮಾತ್ರ ಗೊತ್ತಿರುವುದನ್ನು, ಕೇಳುವ ಮೊದಲೇ ಹೇಳಬೇಕು.

ಹಾಗಿದ್ದರೂ ಕೊಳ್ಳುವವರ ಕೈಯಲ್ಲಿ ಒಂದು ಉಪಾಯವಿದೆ, ಮತ್ತು ಅದು ಆ ಹಳೆಯ ಕಾಯ್ದೆಯ ಮೂರನೇ ಉದಾಹರಣೆಯಲ್ಲೇ ಇದೆ. ಕುದುರೆ ಕೊಳ್ಳುವವನಿಗೆ ಪಶುವೈದ್ಯ ಗೊತ್ತಿರಬೇಕಿಲ್ಲ. ‘ನನಗೆ ಕಾಣದ್ದು, ನಿಮಗೆ ಗೊತ್ತಿದ್ದದ್ದು ಏನಾದರೂ ಇದೆಯೇ?’ ಎಂದರೆ ಸಾಕು. ಅಲ್ಲಿಂದ ಮುಂದೆ ಮಾರುವವನ ಮೌನ ಅವನ ಮಾತಾಗುತ್ತದೆ. ಇಷ್ಟು ಸುಲಭದ ಪ್ರಶ್ನೆಯನ್ನು ನಮ್ಮಲ್ಲಿ ಯಾರೂ ಕೇಳುವುದಿಲ್ಲ ಎಂಬುದು ನನ್ನ ಅನುಭವ. ಗಾಡಿಯ ಕೆಳಗೆ ಮಲಗಿ ಅಂಗಿ ಕೊಳೆ ಮಾಡಿಕೊಳ್ಳಲು ತಯಾರಿರುವವರೂ ಎದ್ದು ನಿಂತು ಮುಖ ನೋಡಿ ಕೇಳುವುದಿಲ್ಲ. ಕಾರಣ ಆ ಬೆಲ್ಲ, ನೀರು. ಉಡುಪಿಯಿಂದ ಕಾರ್ಕಳದವರೆಗೆ ಮಾರುವವ ಯಾರೇ ಆಗಲಿ, ಯಾರದೋ ಭಾವನ ಕ್ಲಾಸ್‌ಮೇಟ್, ಯಾರದೋ ಚಿಕ್ಕಮ್ಮನ ನೆರೆಮನೆ. ‘ನಮ್ಮವರೇ ಮಾರಾಯ್ರೆ’ ಎಂದ ಮೇಲೆ ಕೇಳಿದರೆ ಅಪನಂಬಿಕೆ ತೋರಿಸಿದಂತೆ. ಕಾಯ್ದೆಯ ಎರಡನೇ ಉದಾಹರಣೆಯಲ್ಲಿ ಸಂಬಂಧ ಮಾರುವವನ ಬಾಯಿ ತೆರೆಸುತ್ತದೆ. ನಮ್ಮಲ್ಲಿ ಅದೇ ಸಂಬಂಧ ಕೊಳ್ಳುವವನ ಬಾಯಿ ಮುಚ್ಚಿಸುತ್ತದೆ. ಮಾರುವವನಿಗೆ ತಂದೆಯ ಮರ್ಯಾದೆ ಬೇಕು, ತಂದೆಯ ಹೊಣೆ ಬೇಡ.

ಕೇಳಿದರೂ ತಪ್ಪಿಸಿಕೊಳ್ಳುವ ಇನ್ನೊಂದು ದಾರಿ ಉಂಟು: ಗೊತ್ತಿಲ್ಲದೆ ಇರುವುದು. ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯ ದೀಪ ಉರಿದರೆ ತೋರಿಸಲು ಹೋಗುವುದಿಲ್ಲ, ತೋರಿಸಿದರೆ ತಿಳಿದುಬಿಡುತ್ತದೆ, ತಿಳಿದರೆ ಹೇಳಬೇಕಾಗುತ್ತದೆ. 1877ರಲ್ಲಿ ಇಂಗ್ಲೆಂಡಿನ ಗಣಿತಜ್ಞ ಡಬ್ಲ್ಯು. ಕೆ. ಕ್ಲಿಫರ್ಡ್ ಒಬ್ಬ ಹಡಗಿನ ಮಾಲೀಕನ ಕಥೆ ಕಟ್ಟಿದ. ಹಡಗು ಹಳೆಯದು, ರಿಪೇರಿ ಬೇಕು ಎಂಬ ಅನುಮಾನ ಅವನಿಗಿತ್ತು. ಎಷ್ಟೋ ಬಿರುಗಾಳಿ ದಾಟಿ ಬಂದಿದೆ, ಇದನ್ನೂ ದಾಟೀತು ಎಂದು ತನ್ನನ್ನೇ ನಂಬಿಸಿಕೊಂಡು ಕಳಿಸಿದ. ಹಡಗು ಮುಳುಗಿತು, ಅವನು ವಿಮೆ ಹಣ ತೆಗೆದುಕೊಂಡ. ಅವನು ಮನಃಪೂರ್ವಕ ನಂಬಿದ್ದ, ಆದರೆ ಹಾಗೆ ನಂಬುವ ಹಕ್ಕು ಅವನಿಗಿರಲಿಲ್ಲ ಎಂಬುದು ಕ್ಲಿಫರ್ಡನ ತೀರ್ಪು. ‘ನನಗೆ ಇದುವರೆಗೆ ಒಂದು ತೊಂದರೆಯೂ ಕೊಟ್ಟಿಲ್ಲ ಸರ್’ ಎಂದು ನಗುವ ಪ್ರತಿ ಹುಡುಗನೂ ಸುಳ್ಳ ಎನ್ನುತ್ತಿಲ್ಲ. ಕೆಲವರು ತಮಗೆ ತೊಂದರೆ ಕಾಣದ ಹಾಗೆ ನೋಡಿಕೊಂಡಿರುತ್ತಾರೆ.

ನ್ಯಾಯವಾಗಿ ಹೇಳಬೇಕೆಂದರೆ ಕೊಳ್ಳುವವರ ಮೌನವೂ ಇದೆ. ಕಾರ್ಕಳದ ಯಾವುದೋ ಹಳೆಯ ಮನೆಯ ಕೊಟ್ಟಿಗೆಯಲ್ಲಿ, ಗಂಡ ತೀರಿಕೊಂಡ ಅಜ್ಜಿಯೊಬ್ಬರು ಧೂಳು ಹಿಡಿದ ಸ್ಯಾನ್ ಸ್ಟಾರ್ಮನ್ನು ಗುಜರಿ ಬೆಲೆಗೆ ಕೊಡುತ್ತೇನೆಂದರು ಎಂದುಕೊಳ್ಳಿ. ಅದಕ್ಕಾಗಿ ಹಂಬಲಿಸುವ ಸಂಗ್ರಾಹಕರು ಇದ್ದಾರೆಂದು ಬಲ್ಲವ ಸುಮ್ಮನೆ ಹಣ ಎಣಿಸಿ ಕೊಟ್ಟರೆ? ‘ಕೇಳಿದ್ದರೆ ಹೇಳುತ್ತಿದ್ದೆ’ ಎಂದು ಅವನೂ ಹೇಳಬಹುದು. ಇಲ್ಲಿ ನನ್ನ ಕೆಲವು ಗೆಳೆಯರು ಪಕ್ಷ ಬದಲಿಸುತ್ತಾರೆ. ಜ್ಞಾನಕ್ಕೆ ಬೆಲೆ ಬೇಡವೇ ಎನ್ನುತ್ತಾರೆ. ಬೇಕು. ಆದರೆ ಅಜ್ಜಿಯಿಂದಲೇ ಏಕೆ ವಸೂಲಿಯಾಗಬೇಕು ಎಂಬುದು ನನಗೆ ತಿಳಿಯುವುದಿಲ್ಲ.

ಇದೆಲ್ಲ ಸಣ್ಣ ಸಂಗತಿ ಎನ್ನುವವರಿಗೆ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲಾಫ್ 1970ರಲ್ಲಿ ಬರೆದ ಲೇಖನ ನೆನಪಾಗಬೇಕು. ಮುಂದೆ 2001ರಲ್ಲಿ ಅವರಿಗೆ ನೊಬೆಲ್ ಬಂತು. ಆ ಲೇಖನದ ಉದಾಹರಣೆಯೇ ಸೆಕೆಂಡ್ ಹ್ಯಾಂಡ್ ಕಾರು. ಯಾವುದು ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ಕೊಳ್ಳುವವರಿಗೆ ತಿಳಿಯದಿದ್ದರೆ ಎಲ್ಲದಕ್ಕೂ ನಡುವಿನ ಬೆಲೆಯನ್ನೇ ಕೊಡುತ್ತಾರೆ. ಚೆನ್ನಾಗಿ ಇಟ್ಟುಕೊಂಡವನಿಗೆ ಆ ಬೆಲೆ ಸಾಲದು, ಅವನು ಮಾರುವುದನ್ನೇ ಬಿಡುತ್ತಾನೆ. ಸಂತೆಯಲ್ಲಿ ಉಳಿಯುವುದು ಕೆಟ್ಟವು. ಮೌನದ ದಂಡ ತೆರುವವನು ಕೊಂಡವನೊಬ್ಬನೇ ಅಲ್ಲ. ತನ್ನ ಕಾರನ್ನು ಜತನದಿಂದ ಓಡಿಸಿದವನೂ ಅದನ್ನು ತೆರುತ್ತಾನೆ.

ಸೋದರಳಿಯನ ಕೋರ್ಸು ಬರುವ ವರ್ಷ ಮುಗಿಯುತ್ತದೆ. ಕಾರು ಚೆನ್ನಾಗಿ ಓಡುತ್ತಿದೆ, ಕ್ಲಚ್ಚು ಹೊಸದು. ರೀಮ್ಯಾಪಿನ ಆ ಒಂದೂವರೆ ವರ್ಷ ಆರ್‌ಸಿಯಲ್ಲಿಲ್ಲ, ಸರ್ವಿಸ್ ಪುಸ್ತಕದಲ್ಲಿಲ್ಲ. ಕಾಪುವಿನ ಹುಡುಗ ಬೆಂಗಳೂರಿನಲ್ಲಿದ್ದಾನೆ. ಮಾರುವಾಗ ಹೇಳುತ್ತೀಯಾ ಎಂದು ಮೊನ್ನೆ ಊಟಕ್ಕೆ ಬಂದಾಗ ಕೇಳಿದೆ. “ಕ್ಲಚ್ ಹೊಸದು ಅಂತ ಹೇಳಿಯೇ ಹೇಳ್ತೇನೆ ಮಾಮ,” ಎಂದ. ಏಕೆ ಹೊಸದು ಎಂದು ಅವರು ಕೇಳದಿದ್ದರೆ? ಅವನು ಸಾರಿನ ಸೌಟಿಗೆ ಕೈ ಚಾಚಿದ.