ಮೂಕಜೀವಿಗೊಂದು ಪಾದರಕ್ಷೆ



ಕೆಲವು ತಿಂಗಳ ಹಿಂದೆ ಮನೆಭೇಟಿಗೆಂದು ಹೋಗಿದ್ದಾಗ ನಡೆದ ಮಾತುಕತೆಯೊಂದು ಇನ್ನೂ ನನ್ನ ಮನಸ್ಸಿನಲ್ಲಿ ಉಳಿದಿದೆ. ಆ ಮನೆಯ ಹುಡುಗ ಇಂಜಿನಿಯರಿಂಗ್ ಅಂತಿಮ ವರ್ಷದ ವಿದ್ಯಾರ್ಥಿ. ಕುಸಿದ ಕಟ್ಟಡಗಳಡಿ ಸಿಲುಕಿದವರನ್ನು ಹುಡುಕುವ ನಾಯಿಗಳಿಗೆ ಬೂಟು, ಕನ್ನಡಕ, ಕವಚಗಳನ್ನು ರೂಪಿಸುವುದು ಅವನ ಪ್ರಾಜೆಕ್ಟ್. ಯೌವನದಲ್ಲಿ ಎತ್ತಿನಗಾಡಿ ಹೊಡೆದು ಸಂಸಾರ ಸಾಕಿದ್ದ ಅವನ ಅಜ್ಜ ಅದನ್ನು ಕೇಳಿ ನಕ್ಕುಬಿಟ್ಟರು. "ಮೋರಿಗೆ ಇಳಿಯುವ ಮನುಷ್ಯನ ಕಾಲಿಗೇ ಬೂಟಿಲ್ಲ, ಇವನಿಗೆ ನಾಯಿಯ ಚಿಂತೆ! ನೀವೇ ಹೇಳಿ ಸ್ವಾಮಿ, ಇದು ಸರಿಯೇ?" ಎಂದರು. ಹುಡುಗ ತಲೆ ತಗ್ಗಿಸಿದ. ನಾನೂ ತಕ್ಷಣ ಉತ್ತರಿಸಲಾಗದೆ ಕಾಫಿ ಕುಡಿದು ಎದ್ದು ಬಂದೆ. ಅಂದು ಕೊಡಲಾಗದ ಉತ್ತರವನ್ನು ಇಂದು ನಿಮ್ಮೊಡನೆ ಹುಡುಕಲು ಬಯಸುತ್ತೇನೆ.

2017ರ ಸೆಪ್ಟೆಂಬರ್‌ನಲ್ಲಿ ಮೆಕ್ಸಿಕೋ ನಗರ ಭೂಕಂಪದಿಂದ ತತ್ತರಿಸಿದಾಗ ಅಲ್ಲಿನ ನೌಕಾಪಡೆಯ ಫ್ರೀಡಾ ಎಂಬ ಲ್ಯಾಬ್ರಡಾರ್ ನಾಯಿಯ ಚಿತ್ರ ಜಗತ್ತಿನಾದ್ಯಂತ ಪ್ರಕಟವಾಯಿತು. ಕಣ್ಣಿಗೆ ಧೂಳು ಬೀಳದಂತೆ ದೊಡ್ಡ ಕನ್ನಡಕ, ನಾಲ್ಕು ಪಾದಗಳಿಗೂ ಪುಟ್ಟ ಬೂಟುಗಳು. 2010ರಲ್ಲಿ ಹೈಟಿ ದೇಶದ ಅವಶೇಷಗಳಲ್ಲಿಯೂ ದುಡಿದಿದ್ದ ಈ ನಾಯಿ ತನ್ನ ಸೇವಾವಧಿಯಲ್ಲಿ 12 ಮಂದಿಯನ್ನು ಜೀವಂತವಾಗಿ ಪತ್ತೆಹಚ್ಚಿತೆಂದು ವರದಿಯಾಗಿದೆ. 2019ರಲ್ಲಿ ನಿವೃತ್ತಿ ಹೊಂದಿ, 2022ರ ನವೆಂಬರ್‌ನಲ್ಲಿ ಅದು ಕಣ್ಮುಚ್ಚಿತು. 2023ರ ಫೆಬ್ರವರಿಯ ಟರ್ಕಿ ಭೂಕಂಪದ ಸಂದರ್ಭದಲ್ಲಿ ನಮ್ಮ ದೇಶದ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯ ಜೂಲಿ ಎಂಬ ನಾಯಿ, ಅವಶೇಷಗಳಡಿ ಆರು ವರ್ಷದ ಬಾಲಕಿಯೊಬ್ಬಳು ಬದುಕಿರುವುದನ್ನು ಸೂಚಿಸಿತು. ಅವಳನ್ನು ಜೀವಂತವಾಗಿ ಹೊರತೆಗೆಯಲಾಯಿತು. ಅದೇ ಕಾರ್ಯಾಚರಣೆಯಲ್ಲಿ ಮೆಕ್ಸಿಕೋದಿಂದ ಬಂದಿದ್ದ ಪ್ರೊಟೆಯೊ ಎಂಬ ನಾಯಿ ಮಾತ್ರ ಮರಳಿ ತಾಯ್ನಾಡನ್ನು ಕಾಣಲಿಲ್ಲ.

ಇಲ್ಲಿ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಅವಶೇಷಗಳೊಳಗೆ ನುಗ್ಗುವ ಸೈನಿಕನಿಗೆ ತಾನೇನು ಪಣಕ್ಕಿಡುತ್ತಿದ್ದೇನೆಂಬ ಅರಿವಿದೆ. ಅವನು ಒಪ್ಪಿ ಹೋಗುತ್ತಾನೆ. ನಾಯಿಗೆ ಆ ಅರಿವಿಲ್ಲ. ಹುಡುಕಾಟ ಅದಕ್ಕೆ ಒಂದು ಆಟ. ಕೊನೆಯಲ್ಲಿ ಸಿಗುವ ಆಟಿಕೆ, ಒಡೆಯನ ಮೆಚ್ಚುಗೆ, ಇವೇ ಅದರ ಸಂಬಳ. ಕಬ್ಬಿಣದ ಸರಳು, ಒಡೆದ ಗಾಜು, ಮತ್ತೆ ಕುಸಿಯಬಹುದಾದ ಗೋಡೆ, ಇವುಗಳ ಅಪಾಯವನ್ನು ಬಲ್ಲವರು ಕಳುಹಿಸುವ ನಾವು. ಅರಿವು ಯಾರಲ್ಲಿದೆಯೋ ಹೊಣೆಯೂ ಅವರದೇ ಅಲ್ಲವೇ?

ಪ್ರಾಣಿಗಳ ಮೇಲಿನ ಕ್ರೌರ್ಯ ಮನುಷ್ಯರ ಮೇಲಿನ ಕ್ರೌರ್ಯಕ್ಕೆ ದಾರಿಯಾದೀತೆಂದು ಸಂತ ಥಾಮಸ್ ಅಕ್ವಿನಾಸರು ಎಚ್ಚರಿಸಿದ್ದರು. ಜರ್ಮನಿಯ ತತ್ವಜ್ಞಾನಿ ಕಾಂಟ್ ಕೂಡ ಇದೇ ಹಾದಿಯಲ್ಲಿ ಯೋಚಿಸಿ, ಬಹುಕಾಲ ನಿಷ್ಠೆಯಿಂದ ದುಡಿದ ನಾಯಿಯನ್ನು ಮುಪ್ಪಿನಲ್ಲಿಯೂ ಸಾಕಬೇಕೆಂದು ತಿಳಿಸಿದ. ಇವರಿಬ್ಬರ ವಾದದಲ್ಲಿಯೂ ಮುಖ್ಯವಾದುದು ಮನುಷ್ಯನ ಹೃದಯ ಕಲ್ಲಾಗಬಾರದೆಂಬುದು. ಆದರೆ ನನಗನಿಸುವುದು, ಇಷ್ಟೇ ಸಾಲದು. ಗಾಜು ಚುಚ್ಚಿದಾಗ ನೋಯುವುದು ನಾಯಿಯ ಪಾದ. ಆ ನೋವು ನಮ್ಮ ಗುಣವನ್ನು ಅಳೆಯುವ ಸಾಧನವಾಗುವುದಕ್ಕೆ ಮೊದಲು ಆ ಜೀವಿಯದೇ ನೋವಾಗಿದೆ.

ಹಾಗಾದರೆ ಬೂಟು ತೊಡಿಸಿದರೆ ಕರ್ತವ್ಯ ಮುಗಿಯಿತೇ? ವಿಷಯ ಅಷ್ಟು ಸರಳವಲ್ಲ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ನ್ಯೂಯಾರ್ಕಿನ ಅವಶೇಷಗಳಲ್ಲಿ ದುಡಿದ ನಾಯಿಗಳಲ್ಲಿ ಬಹುಪಾಲಿನವು ಬರಿಗಾಲಿನಲ್ಲಿಯೇ ಕೆಲಸ ಮಾಡಿದವು. ಅದು ನಿರ್ಲಕ್ಷ್ಯವಾಗಿರಲಿಲ್ಲ. ಓರೆಯಾದ ಉಕ್ಕಿನ ತೊಲೆಗಳ ಮೇಲೆ ನಾಯಿ ತನ್ನ ಬೆರಳುಗಳನ್ನು ಅಗಲಿಸಿ, ಉಗುರೂರಿ ಹಿಡಿತ ಸಾಧಿಸುತ್ತದೆ. ಬೂಟು ಆ ಹಿಡಿತವನ್ನು ಕಸಿದರೆ ಸಣ್ಣ ಗಾಯ ತಪ್ಪಿ ದೊಡ್ಡ ಬೀಳು ಸಂಭವಿಸಬಹುದು. ಕವಚದ ಕಥೆಯೂ ಹಾಗೆಯೇ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಏದುಸಿರು ಬಿಟ್ಟೇ ಅದು ಮೈ ತಣಿಸಿಕೊಳ್ಳಬೇಕು. ದಪ್ಪ ಕವಚ ಸೆಕೆಯಿಂದಲೇ ಅದನ್ನು ಕೊಂದೀತು. ಕೊರಳಪಟ್ಟಿ, ಮೈಪಟ್ಟಿಗಳು ಸರಳಿಗೆ ಸಿಕ್ಕಿಕೊಂಡರೆ ಅವೇ ಉರುಳಾಗುತ್ತವೆ. ಆದುದರಿಂದ ಇಕ್ಕಟ್ಟಿನೊಳಗೆ ಬಿಡುವ ಮೊದಲು ಅವನ್ನು ಬಿಚ್ಚಿಬಿಡುವ ರೂಢಿಯೂ ಇದೆ. ಮೂಗಿಗಂತೂ ಮುಸುಕು ಹಾಕುವಂತೆಯೇ ಇಲ್ಲ. ಹಾಕಿದರೆ ಅದು ಬಂದ ಕೆಲಸವೇ ಕೆಟ್ಟಿತು.

ಇಲ್ಲಿ ನಮಗೆಲ್ಲರಿಗೂ ಒಂದು ಪಾಠವಿದೆ. ಪ್ರೀತಿಯಿಂದ ಕೊಟ್ಟ ರಕ್ಷಣೆಯೂ ಹೊರೆಯಾಗಬಹುದು. ಎಷ್ಟೋ ಸಲ ತಂದೆತಾಯಿಗಳಾಗಿ, ಗುರುಗಳಾಗಿ ನಾವು ನಮ್ಮ ಭಯವನ್ನೇ ಅಳತೆಗೋಲು ಮಾಡಿಕೊಂಡು ಇನ್ನೊಬ್ಬರಿಗೆ ಕವಚ ಹೊಲಿಯುತ್ತೇವೆ. ತೊಟ್ಟವರು ಉಸಿರಾಡಬಲ್ಲರೇ ಎಂದು ಕೇಳುವುದಿಲ್ಲ. ಮಾತು ಬಾರದ ಜೀವಿಗೆ ರಕ್ಷಣೆ ರೂಪಿಸುವವನಾದರೋ ಅದರ ನಡಿಗೆ, ಉಸಿರು, ಹಿಂಜರಿಕೆಗಳನ್ನು ತಾಳ್ಮೆಯಿಂದ ಓದಲೇಬೇಕು.

ಇನ್ನು ಅಜ್ಜನ ಪ್ರಶ್ನೆ. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರನ್ನು ಒಳಚರಂಡಿಗೆ ಇಳಿಸಬಾರದೆಂದು 2013ರಲ್ಲಿಯೇ ಕಾನೂನು ಬಂದಿದೆ. ಆದರೂ ಮ್ಯಾನ್‌ಹೋಲುಗಳಲ್ಲಿ ಉಸಿರುಗಟ್ಟಿ ಸತ್ತವರ ಸುದ್ದಿಯನ್ನು ನಾವು ಆಮೇಲೂ ಓದಿದ್ದೇವೆ. ಅಜ್ಜನ ಸಿಟ್ಟು ನ್ಯಾಯವಾದುದೇ. ಆದರೆ ನಾಯಿಯ ಬೂಟನ್ನು ಕಿತ್ತುಕೊಂಡರೆ ಪೌರಕಾರ್ಮಿಕನ ಕಾಲಿಗೆ ಬೂಟು ಬರುವುದೇ? ಬರಲಾರದು. ನಮಗಾಗಿ ಅಪಾಯದೊಳಗೆ ಇಳಿಯುವವನ ಪಾದವನ್ನು ಬಗ್ಗಿ ನೋಡುವ ಅಭ್ಯಾಸ ಒಂದೇ. ಅದು ಒಂದು ಕಡೆ ಬೆಳೆದರೆ ಇನ್ನೊಂದು ಕಡೆಯ ಕೊರತೆ ಚುಚ್ಚತೊಡಗುತ್ತದೆ. ನಾಯಿಗೆ ಕನ್ನಡಕ ಹೊಂದಿಸಲು ಇಷ್ಟೊಂದು ಜಾಣ್ಮೆ ಬಳಸಬಲ್ಲ ನಾವು, ಮನುಷ್ಯನ ವಿಷಯದಲ್ಲಿ ಸಾಧ್ಯವಾಗಲಿಲ್ಲ ಎಂದು ಹೇಗೆ ಹೇಳೋಣ?

ಕಳೆದ ತಿಂಗಳು ಆ ಮನೆಗೆ ಮತ್ತೆ ಹೋಗಿ ಅಜ್ಜನಿಗೆ ಇದನ್ನೆಲ್ಲ ತಿಳಿಸಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಬಳಿಕ, "ಡಾಂಬರು ರಸ್ತೆ ಬಂದ ಮೇಲೆ ನಾವೂ ಎತ್ತುಗಳಿಗೆ ಲಾಳ ಹೊಡೆಸುತ್ತಿದ್ದೆವು ಸ್ವಾಮಿ. ಹೊಡೆಸಿದ ಕೂಡಲೇ ಗಾಡಿ ಕಟ್ಟುತ್ತಿರಲಿಲ್ಲ. ನಾಲ್ಕು ಹೆಜ್ಜೆ ನಡೆಸಿ, ಎತ್ತು ಕುಂಟುತ್ತದೆಯೋ ಎಂದು ನೋಡುತ್ತಿದ್ದೆವು" ಎಂದರು. ಆಮೇಲೆ ಮೊಮ್ಮಗನ ಕಡೆ ತಿರುಗಿ, "ನೀನು ನಡೆಸಿ ನೋಡಿದೆಯೇನೋ?" ಎಂದು ಕೇಳಿದರು.

ಹುಡುಗ ಇನ್ನೂ ನೋಡಿರಲಿಲ್ಲ. ಮರುದಿನ ಬೀದಿ ಕೊನೆಯ ಮನೆಯವರ ನಾಯಿಯನ್ನು ಕರೆತಂದು ಇಬ್ಬರೂ ಅಂಗಳದಲ್ಲಿ ನಡೆಸಿ ನೋಡಿದರಂತೆ. ಹಿಂಗಾಲಿನ ಬೂಟುಗಳೆರಡನ್ನೂ ನಾಯಿ ಕೊಡವಿ ಎಸೆಯಿತಂತೆ. ಹುಡುಗ ಈಗ ಅವನ್ನು ಬಿಚ್ಚಿ ಹೊಸದಾಗಿ ಹೊಲಿಯುತ್ತಿದ್ದಾನೆ.