ಸಾಲ ಮತ್ತು ಋಣ

ಕನ್ನಡದಲ್ಲಿ ಸಾಲವೇ ಬೇರೆ, ಋಣವೇ ಬೇರೆ. ಸಾಲಕ್ಕೆ ಮೊತ್ತವಿದೆ, ಬಡ್ಡಿಯಿದೆ, ಗಡುವಿದೆ; ತೀರಿಸಿದ ದಿನ ಕೊಟ್ಟವನಿಗೂ ಪಡೆದವನಿಗೂ ಸಂಬಂಧ ಮುಗಿಯುತ್ತದೆ. ಅನ್ನದ ಋಣ, ಮಣ್ಣಿನ ಋಣ ಹಾಗೆ ಮುಗಿಯುವುದಿಲ್ಲ. ‘ಋಣ ತೀರಿತು’ ಎಂಬ ಮಾತನ್ನು ಊರು ಬಿಟ್ಟವರ ಬಗ್ಗೆ, ಇಲ್ಲವೇ ಸತ್ತವರ ಬಗ್ಗೆ ಆಡುತ್ತೇವೆ. ತೀರಿಸಲಾಗದ್ದನ್ನು ಏನು ಮಾಡಬೇಕು? ನೆನೆದರೆ ಸಾಕೇ? ನೆನೆಯಬೇಕಾದವರು ಯಾರು?

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯ ಶೀಗಿ ಹುಣ್ಣಿಮೆ ಈ ಪ್ರಶ್ನೆಗೆ ಒಂದು ಉತ್ತರ. ಆಶ್ವೀಜ ಮಾಸದ ಆ ದಿನ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತೇವೆ. ಪೈರು ಹೊತ್ತ ಭೂಮಿ ಬಸುರಿ. ಅವಳ ಬಯಕೆ ತೀರಿಸಬೇಕು. ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ, ತಂದ ಅಡುಗೆಯನ್ನು ಕಲಸಿ ಹೊಲದ ತುಂಬ ಚರಗ ಚೆಲ್ಲುತ್ತೇವೆ. ಆಮೇಲೆ ನಮ್ಮ ಊಟ. ಚೆಲ್ಲಿದ್ದು ಇರುವೆಗೆ, ಹಕ್ಕಿಗೆ, ಇಲಿಗೆ.

ಹಿಂದೆ ಜೋಳದ ನಡುವೆ ಅಕ್ಕಡಿ ಸಾಲಿನಲ್ಲಿ ತೊಗರಿ, ಅವರೆ, ಹೆಸರು ಇರುತ್ತಿದ್ದವು. ಈಗ ಕಣ್ಣು ಹಾಯಿಸಿದಲ್ಲೆಲ್ಲ ಹೈಬ್ರಿಡ್ ಗೋವಿನಜೋಳ. ಬೆಳೆದವರು ಅದನ್ನು ಉಣ್ಣುವುದು ಅಪರೂಪ. ಅದು ಕೋಳಿಯ ಮೇವಿಗೆ, ಪಿಷ್ಟದ ಕಾರ್ಖಾನೆಗೆ ಹೋಗುತ್ತದೆ.

ಅಮೆರಿಕ ಖಂಡದಿಂದ ಬಂದ ಈ ಬೆಳೆಗೆ ಅಲ್ಲಿ ಬೇರೆಯೇ ಮರ್ಯಾದೆಯಿತ್ತೆಂದು ತಿಳಿದದ್ದು ಸಂಶೋಧನೆಯ ಓದಿನಲ್ಲಿ. ಇಂದಿನ ನ್ಯೂಯಾರ್ಕ್ ರಾಜ್ಯದ ಸೀಮೆಯ ಹೋಡಿನೊಶೋನಿ ಜನರನ್ನು ಹೊರಗಿನವರು ಇರೊಕ್ವಾ ಎಂದು ಕರೆದರು. ಅವರು ಗೋವಿನಜೋಳ, ಬೀನ್ಸ್, ಕುಂಬಳವನ್ನು ಒಟ್ಟಿಗೇ ಬಿತ್ತಿ ‘ಮೂವರು ಅಕ್ಕತಂಗಿಯರು’ ಎಂದರು. ದಂಟು ಬಳ್ಳಿಗೆ ಆಸರೆ, ಬಳ್ಳಿ ಮಣ್ಣಿಗೆ ಸಾರಜನಕ, ಕುಂಬಳದೆಲೆ ನೆಲಕ್ಕೆ ನೆರಳು. ನಮ್ಮ ಅಕ್ಕಡಿಯ ವಿವೇಕವೇ ಅದು. 1779ರಲ್ಲಿ ವಾಷಿಂಗ್ಟನ್‌ನ ಆಜ್ಞೆಯಂತೆ ಜನರಲ್ ಸಲಿವನ್‌ನ ಸೇನೆ ಅವರ ಊರುಗಳ ಜೊತೆಗೆ ಈ ಹೊಲಗಳನ್ನೂ ಸುಟ್ಟಿತು. ಆದರೂ ಅವರ ವಂದನೆಯ ಪದ್ಧತಿ ಉಳಿದಿದೆ. ಸಭೆ ಸೇರಿದಾಗ ಯಾವ ವ್ಯವಹಾರಕ್ಕೂ ಮೊದಲು ಭೂಮಿ, ನೀರು, ಮೀನು, ಬೆಳೆ, ಹಕ್ಕಿ, ಗಾಳಿ, ಸೂರ್ಯ ಒಂದೊಂದಕ್ಕೂ ವಂದನೆ ಸಲ್ಲುತ್ತದೆ. ಒಬ್ಬರು ಹೇಳುತ್ತಾರೆ, ಇಡೀ ಸಭೆ ಒಪ್ಪುತ್ತದೆ. ಬೆಳೆದವರೂ ಉಂಡವರೂ ಅದರಲ್ಲಿದ್ದಾರೆ.

ಹೀಗೆ ಹೋಲಿಸಿ, ‘ಅಕ್ಕಡಿ ಬಿಟ್ಟೆ, ಮಣ್ಣಿನ ಋಣ ಮರೆತೆ’ ಎಂದು ನಮ್ಮ ರೈತನಿಗೆ ಹೇಳುವುದು ಸುಲಭ. ಫೆಲೋಶಿಪ್ ಪಡೆಯುವ ನನಗಂತೂ ಬಹಳ ಸುಲಭ. ಆದರೆ ನನ್ನ ಕಾಲೇಜಿನ ಫೀಸು ಕಟ್ಟಿದ್ದು ಇದೇ ಗೋವಿನಜೋಳ. ಬೀಜ, ಗೊಬ್ಬರಕ್ಕೆ ಮಾಡಿದ ಸಾಲ ತೀರದೆ ರೈತರು ಜೀವ ಕಳೆದುಕೊಂಡ ಜಿಲ್ಲೆ ಹಾವೇರಿ. ಸಾಲ ಹೊತ್ತ ಹೆಗಲಿಗೇ ಋಣವನ್ನೂ ಹೊರಿಸುವುದು ಅನ್ಯಾಯ.

ಅಷ್ಟಕ್ಕೂ ಅವನು ಚರಗ ಬಿಟ್ಟಿಲ್ಲ. ಗೋವಿನಜೋಳದ ಹೊಲದಲ್ಲೂ ಚೆಲ್ಲುತ್ತಾನೆ. ಅದನ್ನು ಬರಿಯ ರೂಢಿ ಎಂದು ತಳ್ಳಲಾರೆ. ಮಾರಲೆಂದೇ ಬೆಳೆದದ್ದರಲ್ಲೂ ಮಾರಲಾಗದ ಪಾಲೊಂದಿದೆ ಎಂದು ಅವನು ಒಪ್ಪುತ್ತಿದ್ದಾನೆ. ಆ ಕಾಳನ್ನು ಕೋಳಿ, ಮೊಟ್ಟೆಯ ರೂಪದಲ್ಲಿ ಉಣ್ಣುವ ನಗರಕ್ಕೆ ಶೀಗಿ ಹುಣ್ಣಿಮೆ ಗೊತ್ತಿಲ್ಲ. ದುಡಿಮೆಯಂತೆ ಕೃತಜ್ಞತೆಯನ್ನೂ ರೈತನಿಗೇ ವಹಿಸಿ, ಬಿಲ್ಲು ಕಟ್ಟಿ ಎದ್ದವರು ನಾವು. ನಮ್ಮ ಲೆಕ್ಕದಲ್ಲಿ ಅದು ತೀರಿದ ಸಾಲ. ಆ ಬಿಲ್ಲಿನಲ್ಲಿ ಮಣ್ಣಿನ ಪಾಲೆಷ್ಟು, ಮಳೆಯ ಪಾಲೆಷ್ಟು, ಬೆಳೆದವರು ನುಂಗಿಕೊಂಡ ನಷ್ಟವೆಷ್ಟು ಎಂದು ಕೇಳುವುದರಿಂದಲಾದರೂ ನಮ್ಮ ಪಾಲಿನ ಚರಗ ಶುರುವಾಗಬೇಕು.