ಇಂದಿನ ಧಮ್ಮ ಚಿಂತನೆ: ಕೋಳಿ ಎಲ್ಲಿಂದ ತಂದ್ರಿ?



ಹೋದ ತಿಂಗಳು ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಬೀದರಿನಿಂದ ತಾಯಿ ಮತ್ತು ಮಗಳನ್ನು ಕರೆದುಕೊಂಡು ಬೆಂಗಳೂರಿಗೆ ಬಂದಿದ್ದರು. ಭಾನುವಾರ ಅವರಿಗೆ ಕಂಟೋನ್ಮೆಂಟ್ ತೋರಿಸುವುದು ನನ್ನ ಪಾಲಿಗೆ ಬಂತು. ಮುಸ್ಲಿಂ ಅತಿಥಿಗಳನ್ನು ಸುತ್ತಾಡಿಸಲು ಶಿವಾಜಿನಗರಕ್ಕಿಂತ ಸುಲಭದ ಜಾಗ ಎಲ್ಲಿದೆ? ರಸ್ಸೆಲ್ ಮಾರ್ಕೆಟ್ ನೋಡಿದೆವು, ಸೇಂಟ್ ಮೇರೀಸ್ ಬೆಸಿಲಿಕಾ ನೋಡಿದೆವು. ಸಮೋಸ, ಕಬಾಬ್, ಚಹಾ ಆಯಿತು. ನಮಾಜಿನ ಹೊತ್ತಿಗೆ ಮಸೀದಿ ನಾಲ್ಕು ಹೆಜ್ಜೆಯಲ್ಲೇ ಇತ್ತು. ಆಮೇಲೆ ಹಲಸೂರು ಕೆರೆಯ ದಡದಲ್ಲಿ ಸ್ವಲ್ಪ ಕೂತು, ಮೆಟ್ರೊ ಹತ್ತಿ, ರಾತ್ರಿ ಊಟಕ್ಕೆ ಕೆ.ಆರ್. ಪುರದ ನಮ್ಮ ಮನೆಗೆ ಬಂದೆವು.

ನನ್ನ ಹೆಂಡತಿ ಮುದ್ದೆ, ಕೋಳಿ ಸಾರು, ಹುರುಳಿಕಾಳು ಸಾರು, ಸೊಪ್ಪಿನ ಪಲ್ಯ ಮಾಡಿದ್ದಳು. ಬಡಿಸಲು ಬಂದಾಗ ಭಾಯ್ ಅವರ ತಾಯಿ ಮೆಲ್ಲಗೆ ಕೇಳಿದರು: "ಕೋಳಿ ಎಲ್ಲಿಂದ ತಂದ್ರಿ, ಬೇಟಿ?"

ಹೆಂಡತಿ ನಮ್ಮ ಬೀದಿಯ ಅಂಗಡಿ ಎಂದಳು. ಅದು ಹಲಾಲ್ ಅಂಗಡಿ ಅಲ್ಲ. ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಆ ತಾಯಿ "ಪರವಾಗಿಲ್ಲ" ಎಂದು ಹುರುಳಿಕಾಳು ಸಾರಿನಲ್ಲಿ ಮುದ್ದೆ ಉಂಡರು, ಇನ್ನೊಮ್ಮೆ ಹಾಕಿಸಿಕೊಂಡರು. ಭಾಯ್, ಮಗಳು ಕೂಡ ಹಾಗೇ. ಕೋಳಿ ಸಾರು ಪಾತ್ರೆಯಲ್ಲೇ ಉಳಿಯಿತು.

ಅವರು ಹೋದ ಮೇಲೆ ಹೆಂಡತಿ ಹೇಳಿದಳು: "ಶಿವಾಜಿನಗರದ ಅಂಗಡೀಲಿ ಯಾರೂ ಕೇಳಲಿಲ್ಲ. ನಮ್ಮನೇಲಿ ಕೇಳಿದರು."

ಆ ಮಾತು ನನಗೂ ಚುಚ್ಚಿತು. ನನ್ನ ಅಪ್ಪ ಊರಿನ ಹೋಟೆಲ್ ಹೊರಗೆ ನಿಂತು ತೆಂಗಿನ ಚಿಪ್ಪಿನಲ್ಲಿ ಚಹಾ ಕುಡಿದವರು. ನಮ್ಮ ಮನೆಯ ಪಾತ್ರೆಯನ್ನು ಯಾರಾದರೂ ಹಾಗೇ ಬಿಟ್ಟು ಎದ್ದರೆ ನಮ್ಮೊಳಗೆ ಏಳುವುದು ಆ ಚಿಪ್ಪು. ಅದಕ್ಕೆ ವಿವೇಕ ತಕ್ಷಣ ಇರುವುದಿಲ್ಲ.

ಆ ರಾತ್ರಿ ನಿದ್ದೆ ಬರದೆ ಯೋಚಿಸಿದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಭಾಯ್ ಅವರ ಮಗಳು ಓದಲು ಜಪಾನಿಗೆ ಹೋಗುವವಳು. ಅಲ್ಲಿನ ಒಂದು ಕೋಟೆ ಪಟ್ಟಣಕ್ಕೆ ಬರುವ ಮುಸ್ಲಿಂ ಪ್ರವಾಸಿಗರಿಗಾಗಿ ಮಾಡಿದ ಕೈಪಿಡಿಯನ್ನು ಮೆಟ್ರೊದಲ್ಲಿ ಫೋನಿನಲ್ಲಿ ತೋರಿಸಿದ್ದಳು. ನಮಾಜಿಗೆ ಎಲ್ಲಿ ಜಾಗ, ಯಾವ ತಿಂಡಿ ತಿನ್ನಬಹುದು ಎಂದೆಲ್ಲ ಅದರಲ್ಲಿತ್ತು. ಅಲ್ಲಿ ಅಡುಗೆಗೆ ಹಾಕುವ ಮಿರಿನ್‌ನಲ್ಲಿ ಮದ್ಯದ ಅಂಶ ಇರುತ್ತದೆ, ಸಿಹಿತಿಂಡಿಯ ಜೆಲಾಟಿನ್ ಹಂದಿಯದ್ದಾಗಿರಬಹುದು. ಅದಕ್ಕೇ ಕೇಳಿ ತಿನ್ನಬೇಕು. ಅಂಗಡಿಯವನಿಗೆ ಆ ಪ್ರಶ್ನೆಯಿಂದ ಅವಮಾನ ಆಗುವುದಿಲ್ಲ. ಶಿವಾಜಿನಗರದಲ್ಲಿ ಆ ತಾಯಿ ಕೇಳದಿದ್ದದ್ದು ಬೋರ್ಡೇ ಉತ್ತರ ಹೇಳಿದ್ದರಿಂದ. ನನ್ನ ಮನೆಗೆ ಬೋರ್ಡ್ ಇಲ್ಲ.

ಆದರೆ ಅದೇ ಜಪಾನಿನಲ್ಲಿ ಇನ್ನೊಂದು ಕಥೆ ಇದೆ. ಪ್ರಾಣಿ ಕೊಯ್ಯುವವರು, ಚರ್ಮ ಹದ ಮಾಡುವವರು ಅಲ್ಲಿ ತಲೆತಲಾಂತರ ಬೇರೆ ಕೇರಿಯಲ್ಲಿ ಬದುಕಿದರು. ಇಂದು ಅವರನ್ನು ಬುರಾಕುಮಿನ್ ಎನ್ನುತ್ತಾರೆ. 1871ರಲ್ಲಿ ಸರ್ಕಾರ ಆ ಭೇದವನ್ನು ಕಾನೂನಿನಿಂದ ತೆಗೆಯಿತು, ಜನರ ಮನಸ್ಸಿನಿಂದ ಅದು ಹೋಗಲಿಲ್ಲ. 1922ರಲ್ಲಿ ಅವರೇ ಸುಯಿಹೇಯ್‌ಶಾ ಎಂಬ ಸಂಘ ಕಟ್ಟಿಕೊಳ್ಳಬೇಕಾಯಿತು. ಸತ್ತ ಮೇಲೆ ಕೊಡುವ ಹೆಸರಿನಲ್ಲೂ ಕೆಲವು ಬೌದ್ಧ ಮಂದಿರಗಳು ಅವರಿಗೆ ಹೀನ ಅಕ್ಷರ ಸೇರಿಸಿದವು. ಬೌದ್ಧ ಮಂದಿರಗಳು, ಬಂಧುಗಳೇ! ಅಲ್ಲಿ ಯಾರೂ ತಿಂಡಿಯಲ್ಲಿ ಏನಿದೆ ಎಂದು ಕೇಳಲಿಲ್ಲ. ಕೈ ಯಾರದ್ದು ಎಂದು ಕೇಳಿದರು.

ಮಜ್ಝಿಮ ನಿಕಾಯದ ಜೀವಕ ಸುತ್ತದಲ್ಲಿ ಭಗವಾನರು ಭಿಕ್ಷುಗಳ ಮಾಂಸಾಹಾರದ ಬಗ್ಗೆ ಹೇಳುತ್ತಾರೆ. ತನಗಾಗಿಯೇ ಕೊಂದದ್ದೆಂದು ಕಂಡಿದ್ದರೆ, ಕೇಳಿದ್ದರೆ, ಸಂಶಯ ಬಂದರೆ ಆ ಮಾಂಸ ಬೇಡ. ಅಂದರೆ ಬಟ್ಟಲಿಗೆ ಬಿದ್ದ ಮಾಂಸ ಹೇಗೆ ಬಂತೆಂದು ಯೋಚಿಸಲು ನಮ್ಮ ಧಮ್ಮದಲ್ಲೂ ಅವಕಾಶ ಇದೆ. ಅದರ ಜೊತೆಗೆ ಇನ್ನೊಂದು ಆಚರಣೆಯೂ ಇದೆ. ಭಿಕ್ಷೆಗೆ ಹೋದಾಗ ಸಾಲಿನ ಒಂದು ಮನೆಯನ್ನೂ ಬಿಡದೆ ಹೋಗುವುದು, ಸಪದಾನ. ಮಾಂಸವನ್ನು ಬಿಡಬಹುದು, ಮನೆಯನ್ನು ಬಿಡುವ ಹಾಗಿಲ್ಲ.

ಇಷ್ಟು ಸುಲಭವಾದರೆ ಸಾಕಿತ್ತು. ಇಂದಿರಾನಗರದಲ್ಲಿ ಬಾಡಿಗೆ ಮನೆ ಕೇಳಲು ಹೋದವರಿಗೆ ಗೊತ್ತು, "ವೆಜ್ಜಾ, ನಾನ್‌ವೆಜ್ಜಾ?" ಎಂಬ ಪ್ರಶ್ನೆ ಎಷ್ಟೋ ಸಲ ಅಡುಗೆಯ ಬಗ್ಗೆ ಇರುವುದಿಲ್ಲ. ನಾನು ಒಮ್ಮೆ "ಮಾಂಸ ಬೇಯಿಸುವುದಿಲ್ಲ" ಎಂದು ಮಾತು ಕೊಟ್ಟರೂ ಮನೆ ಸಿಗಲಿಲ್ಲ, ಮುಂದಿನ ಪ್ರಶ್ನೆ ಊರಿನದ್ದು, ಆಮೇಲೆ ಅಪ್ಪನ ಹೆಸರಿನದ್ದು. ಗುರುತಿಸುವುದು ಹೀಗೇ ಇರಬೇಕು: ಸಾರು ಬದಲಾಯಿಸಿದರೆ ಅವರು ಜೊತೆಗೆ ಕೂರುತ್ತಾರೆಯೇ? ಆ ತಾಯಿ ನಮ್ಮ ಚಾಪೆಯ ಮೇಲೆ ಕೂತು, ಅದೇ ಒಲೆಯ ಮುದ್ದೆ ಉಂಡು, ನಮ್ಮ ಕೊಡದ ನೀರು ಕುಡಿದರು.

ಇದನ್ನು ಹೇಳಿದಾಗ ಹೆಂಡತಿ ಸುಮ್ಮನೆ ಒಪ್ಪಲಿಲ್ಲ. "ದೌಲತಾಬಾದ್ ಮರೆತ್ರಾ?" ಎಂದಳು. ಮರೆತಿಲ್ಲ. 1934ರಲ್ಲಿ ಬಾಬಾಸಾಹೇಬರು ಸಂಗಡಿಗರೊಂದಿಗೆ ದೌಲತಾಬಾದ್ ಕೋಟೆ ನೋಡಲು ಹೋಗಿದ್ದರು. ಆಗ ಅದೂ ಬೀದರಿನಂತೆ ನಿಜಾಮನ ರಾಜ್ಯದಲ್ಲಿತ್ತು. ರಂಜಾನ್ ತಿಂಗಳು. ಬಾಗಿಲ ಬಳಿಯ ಕೊಳದಲ್ಲಿ ಕೆಲವರು ಧೂಳಿನ ಮುಖ ತೊಳೆದರು. ಕೊಳ ಮೈಲಿಗೆಯಾಯಿತೆಂದು ಕೂಗುತ್ತ ಬಂದವರು ಗಡ್ಡದ ಒಬ್ಬ ಮುಸ್ಲಿಂ ವೃದ್ಧರು. ಇದನ್ನೇ ನಿಮ್ಮ ಧರ್ಮ ಕಲಿಸುತ್ತದೆಯೇ, ಅಸ್ಪೃಶ್ಯನೊಬ್ಬ ಮುಸಲ್ಮಾನನಾದರೆ ಅವನನ್ನೂ ತಡೆಯುತ್ತೀರಾ ಎಂದು ಬಾಬಾಸಾಹೇಬರು ಕೇಳಿದ ಮೇಲೆ ಜನ ಸುಮ್ಮನಾದರು. ಕೋಟೆಗೆ ಬಿಟ್ಟರು, ಆದರೆ ಒಳಗೆ ನೀರು ಮುಟ್ಟದಂತೆ ನೋಡಿಕೊಳ್ಳಲು ಬಂದೂಕಿನ ಸಿಪಾಯಿಯನ್ನೂ ಜೊತೆಗೆ ಕಳಿಸಿದರು. ಬಾಬಾಸಾಹೇಬರು ಇದನ್ನು ಮುಚ್ಚಿಡದೆ ಬರೆದಿಟ್ಟಿದ್ದಾರೆ.

ಹಾಗಾಗಿ ನಾನು ಆ ಸಮುದಾಯಕ್ಕೆ ಸರ್ಟಿಫಿಕೇಟ್ ಕೊಡುತ್ತಿಲ್ಲ, ಅದು ನನ್ನ ಕೆಲಸವೂ ಅಲ್ಲ. ಕೊಳದ ಬಳಿ ಕೂಗಿದವರ ಲೆಕ್ಕವನ್ನು ನಮ್ಮ ಚಾಪೆಯ ಮೇಲೆ ಕೂತ ತಾಯಿಯ ತಲೆಗೆ ಕಟ್ಟಬಹುದೇ? ಹೆಂಡತಿ ಇದಕ್ಕೆ ಉತ್ತರ ಹೇಳಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ.

ಮೊನ್ನೆ ಅವಳೇ ಬೀದರಿಗೆ ಫೋನ್ ಮಾಡಿದ್ದಳು. ಮುಂದಿನ ಸಲ ಬರುವಾಗ ಶಿವಾಜಿನಗರದಿಂದ ಕೋಳಿ ಭಾಯ್ ತರುತ್ತಾರಂತೆ. ಸಾರು ಮಾತ್ರ ಇವಳೇ ಮಾಡಬೇಕು ಎಂದು ಆ ತಾಯಿ ಹೇಳಿದರಂತೆ.

ಭವತು ಸಬ್ಬ ಮಂಗಲಂ. ಜೈ ಭೀಮ್.